ಒಂದೆಕರೆಯಲ್ಲಿ ಊರಿನ ಇಪ್ಪತ್ತು ಮನೆಗೆ ತರಕಾರಿ: ಮಣ್ಣು ಹಸನಾಗಿಸುವುದರಿಂದ ಚೀಲ ತುಂಬುವವರೆಗೆ

ತುಮಕೂರು, ಕೋಲಾರ, ಮಂಡ್ಯ, ಮೈಸೂರು ಸೀಮೆಯ ಕೆಮ್ಮಣ್ಣಿನ ಹೊಲಗಳಲ್ಲಿ ಒಂದೆರಡು ಎಕರೆ ಇಟ್ಟುಕೊಂಡವರು ತರಕಾರಿ ಬೆಳೆಯುವುದು ಹೆಚ್ಚಾಗಿ ದೂರದ ಮಂಡಿಗಾಗಿ. ಒಂದೇ ಬೆಳೆಯನ್ನು ಹೊಲದ ತುಂಬ ಹಾಕಿ, ಒಟ್ಟಿಗೆ ಕೊಯ್ದು, ಆ ದಿನದ ಹರಾಜಿನಲ್ಲಿ ಕೂಗಿದ ದರಕ್ಕೆ ಒಪ್ಪಿಸಿ ಬರುವುದು ಅದರ ಕ್ರಮ. ಇಲ್ಲಿ ಹೇಳಹೊರಟಿರುವುದು ಬೇರೆ ಬಗೆಯ ಬೇಸಾಯವನ್ನು: ಐದಾರು ಕಿಲೋಮೀಟರ್ ಒಳಗಿನ ಹತ್ತಿಪ್ಪತ್ತು ಮನೆಗಳಿಗೆ ವಾರವಾರವೂ ತರಕಾರಿ, ಸೊಪ್ಪು, ಕಾಳು, ರಾಗಿ ಒದಗಿಸುತ್ತ, ಅದೇ ಹೊತ್ತಿಗೆ ಹೊಲದ ಮಣ್ಣನ್ನು ವರ್ಷದಿಂದ ವರ್ಷಕ್ಕೆ ಹೆಚ್ಚು ಸತ್ವಯುತವಾಗಿಸುವ ಬೇಸಾಯ. ಒಂದೆಕರೆ ಜಮೀನು, ಸಾಧಾರಣ ನೀರಿರುವ ಕೊಳವೆಬಾವಿ, ಒಂದೆರಡು ಹಸು ಅಥವಾ ಗೊಬ್ಬರ ಕೊಡುವ ನೆರೆಯವರ ಕೊಟ್ಟಿಗೆ, ದಿನವೂ ದುಡಿಯುವ ಇಬ್ಬರು ಆಳುಗಳು ಇದ್ದಾರೆಂಬ ಲೆಕ್ಕದಲ್ಲಿ ಮುಂದಿನ ಹಂತಗಳನ್ನು ವಿವರಿಸಲಾಗಿದೆ.

ಬೀಜಕ್ಕಿಂತ ಮೊದಲು ಮನೆಗಳು

ಮೊದಲ ಕೆಲಸ ಹೊಲದಲ್ಲಿಲ್ಲ, ಊರಿನಲ್ಲಿದೆ. ಪರಿಚಯದ ಹತ್ತು ಮನೆಗಳಿಗೆ ಹೋಗಿ, ಕಳೆದ ವಾರ ಅಡುಗೆಮನೆಯಲ್ಲಿ ಏನೇನು ಬೇಯಿತು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ‘ನಿಮಗೆ ಯಾವ ತರಕಾರಿ ಇಷ್ಟ’ ಎಂದು ಕೇಳಿದರೆ ಬರುವ ಉತ್ತರಕ್ಕೂ, ವಾರದಲ್ಲಿ ಎಷ್ಟು ದಿನ ಸೊಪ್ಪಿನ ಸಾರು, ಎಷ್ಟು ದಿನ ಕಾಳಿನ ಹುಳಿ, ಎಷ್ಟು ದಿನ ಬರೀ ಟೊಮ್ಯಾಟೊ ಗೊಜ್ಜು ಎಂಬ ಲೆಕ್ಕಕ್ಕೂ ಬಹಳ ವ್ಯತ್ಯಾಸವಿರುತ್ತದೆ. ನಮಗೆ ಬೇಕಾದುದು ಎರಡನೆಯದು. ನಾಲ್ಕು ಜನರ ಮನೆಗೆ ವಾರಕ್ಕೆ ಸೊಪ್ಪೂ ಸೇರಿ ಐದಾರು ಕಿಲೋ ತರಕಾರಿ ಸಾಕಾಗುತ್ತದೆಂದು ಇಟ್ಟುಕೊಂಡರೆ ಇಪ್ಪತ್ತು ಮನೆಗೆ ವಾರಕ್ಕೆ ಸುಮಾರು 100 ಕಿಲೋ ಬೇಕು. ಮೊದಲ ವರ್ಷ ಮಣ್ಣು ಇನ್ನೂ ಪಳಗಿರುವುದಿಲ್ಲವಾದ್ದರಿಂದ ಹತ್ತು ಮನೆಗಳಿಗಿಂತ ಹೆಚ್ಚು ಒಪ್ಪಿಕೊಳ್ಳಬಾರದು.

ವಿಷವಿಲ್ಲದ ತರಕಾರಿ ಕೊಟ್ಟರೆ ಕೊಳ್ಳುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳುವವರಿಗೆ ಬರವಿಲ್ಲ. ಮೂರು ತಿಂಗಳ ಹಣದಲ್ಲಿ ಒಂದು ಪಾಲನ್ನಾದರೂ ಮುಂಗಡವಾಗಿ ಕೊಡಲು ಒಪ್ಪುವ ಮನೆಯನ್ನು ಮಾತ್ರ ಪಟ್ಟಿಗೆ ಸೇರಿಸುವುದು ಒಳ್ಳೆಯದು. ಕಮ್ಮಾರ, ಕುಂಬಾರರಿಗೆ ಸುಗ್ಗಿಯಲ್ಲಿ ವರ್ಷದ ಲೆಕ್ಕದಂತೆ ಕಾಳು ಅಳೆದುಕೊಡುತ್ತಿದ್ದ ಆಯದ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ; ಅದರಲ್ಲಿದ್ದ ಜಾತಿಯ ಕಟ್ಟನ್ನು ಬಿಟ್ಟು, ಹಂಗಾಮಿನ ಉದ್ದಕ್ಕೂ ನಿಲ್ಲುವ ಕೊಡುಕೊಳ್ಳುವಿಕೆಯನ್ನಷ್ಟೇ ಉಳಿಸಿಕೊಂಡರೆ ಈ ವ್ಯವಸ್ಥೆಯ ಸ್ವರೂಪ ಹಿರಿಯರಿಗೆ ತಾನಾಗಿ ಅರ್ಥವಾಗುತ್ತದೆ. ಮಳೆ ಹೆಚ್ಚಾಗಿ ಸೊಪ್ಪು ಕೊಳೆತ ವಾರ ಚೀಲ ಹಗುರವಾಗಿರುತ್ತದೆ, ಹೀರೆಕಾಯಿ ಬಿಡುವ ಕಾಲದಲ್ಲಿ ಭಾರವಾಗಿರುತ್ತದೆ ಎಂಬುದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿಬಿಡಬೇಕು.

ಮಣ್ಣನ್ನು ಅಗೆದು ನೋಡುವುದು

ಮಳೆ ಬಿದ್ದು ಎರಡು ದಿನವಾದ ಮೇಲೆ, ನೆಲದಲ್ಲಿ ಹದವಿರುವಾಗ, ಹೊಲದ ನಾಲ್ಕೈದು ಕಡೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೆಗೆದು, ಆ ಮಣ್ಣನ್ನು ಗೋಣಿಚೀಲದ ಮೇಲೆ ಹರಡಿ ಕೈಯಾರೆ ಬಿಡಿಸಿ ನೋಡಬೇಕು. ಎಷ್ಟು ಎರೆಹುಳ ಸಿಕ್ಕವು, ಮಣ್ಣು ಕಾಳುಕಾಳಾಗಿ ಉದುರುತ್ತದೆಯೋ ಹೆಂಟೆಯಾಗಿ ಒಡೆಯುತ್ತದೆಯೋ, ಕಳೆಗಿಡಗಳ ಬೇರು ನೇರವಾಗಿ ಕೆಳಗಿಳಿದಿದೆಯೋ ಅಥವಾ ಐದಾರು ಅಂಗುಲದ ಬಳಿ ಅಡ್ಡ ತಿರುಗಿದೆಯೋ ಎಂಬುದನ್ನು ಗಮನಿಸಬೇಕು. ಬೇರು ಅಡ್ಡ ತಿರುಗಿದ್ದರೆ, ವರ್ಷಗಟ್ಟಲೆ ಒಂದೇ ಆಳಕ್ಕೆ ಟ್ರ್ಯಾಕ್ಟರಿನ ರೋಟವೇಟರ್ (ಮಣ್ಣು ಪುಡಿಮಾಡುವ ಯಂತ್ರ) ಓಡಿಸಿದ್ದರಿಂದ ಕೆಳಗೆ ಗಟ್ಟಿ ಪದರ ಕಟ್ಟಿದೆಯೆಂದು ತಿಳಿಯಬೇಕು. ಒಣಗಿದ ಹೆಂಟೆಯೊಂದನ್ನು ಗಾಜಿನ ಲೋಟದ ನೀರಿನಲ್ಲಿ ಮೆಲ್ಲನೆ ಇಳಿಬಿಟ್ಟಾಗ ಅದು ಒಂದೆರಡು ನಿಮಿಷದಲ್ಲೇ ಕರಗಿ ನೀರು ಕೆಂಪಾದರೆ ಸಾವಯವ ಅಂಶ ಕಡಿಮೆಯಿದೆ ಎಂದರ್ಥ. ಬಹಳ ಹೊತ್ತು ಹಾಗೆಯೇ ನಿಂತರೆ ಮಣ್ಣಿನಲ್ಲಿ ಜೀವವಿದೆ. ಈ ಗುಂಡಿಗಳ ಜಾಗವನ್ನು ಗುರುತಿಟ್ಟುಕೊಂಡು ಪ್ರತಿವರ್ಷ ಅದೇ ಮಳೆಯಲ್ಲಿ ಅಲ್ಲೇ ಪಕ್ಕದಲ್ಲಿ ಅಗೆದು ನೋಡಿದರೆ ಪ್ರಗತಿ ಕಣ್ಣಿಗೆ ಕಾಣುತ್ತದೆ.

ಇದರ ಜೊತೆಗೆ ಒಮ್ಮೆ ಪ್ರಯೋಗಾಲಯದ ಪರೀಕ್ಷೆಯೂ ಆಗಬೇಕು. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳದ, ಇಂಗ್ಲಿಷಿನ ವಿ ಆಕಾರದ ಗುಂಡಿ ತೆಗೆದು, ಅದರ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಒಂದು ಪದರ ಕೆರೆದು, ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ತೆಗೆದುಹಾಕುತ್ತ ಅರ್ಧ ಕಿಲೋಗೆ ಇಳಿಸಿ ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಕೊಡಬೇಕು. ತಿಪ್ಪೆಯ ಬಳಿಯ, ಬದುವಿನ, ಮರದ ನೆರಳಿನ ಮಣ್ಣನ್ನು ಸೇರಿಸಬಾರದು. ವರದಿಯಲ್ಲಿ ಮುಖ್ಯವಾಗಿ ನೋಡಬೇಕಾದುದು ಸಾವಯವ ಇಂಗಾಲ: ಅದು ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ಕ್ಕಿಂತ ಮೇಲಿದ್ದರೆ ಉತ್ತಮ. ಮುಂದೆ ಹೇಳುವ ಕೆಲಸಗಳೆಲ್ಲವೂ ಈ ಒಂದು ಅಂಕಿಯನ್ನು ಮೇಲಕ್ಕೆತ್ತುವ ಕೆಲಸಗಳೇ.

ಎಕರೆಯ ಹಂಚಿಕೆ

ನಲವತ್ತು ಗುಂಟೆಯಲ್ಲಿ ಇಪ್ಪತ್ತು ಗುಂಟೆಯನ್ನು ತರಕಾರಿ ಮಡಿಗಳಿಗೆ, ಹತ್ತನ್ನು ರಾಗಿ ಮತ್ತು ಅದರ ನಡುವೆ ಬಿತ್ತುವ ಅವರೆಯಂಥ ಅಕ್ಕಡಿ ಸಾಲಿಗೆ, ಉಳಿದ ಹತ್ತನ್ನು ಬದು, ಹಣ್ಣಿನ ಮರ, ಕೃಷಿಹೊಂಡ, ಕೊಟ್ಟಿಗೆ, ಸಸಿಮಡಿ ಮತ್ತು ಗೊಬ್ಬರದ ಜಾಗಕ್ಕೆ ಬಿಡುವುದು ಅನುಕೂಲಕರ. ಒಂದೆಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಬಿದ್ದಂತೆ. ಅದು ಪಕ್ಕದವರ ಹೊಲಕ್ಕೆ ಮಣ್ಣನ್ನೂ ಹೊತ್ತುಕೊಂಡು ಹರಿದುಹೋಗದಂತೆ ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಬದುವಿನ ಮೇಲೆ ಗ್ಲಿರಿಸಿಡಿಯಾ (ಗೊಬ್ಬರದ ಗಿಡ), ನುಗ್ಗೆ, ಅಗಸೆ, ತೊಗರಿ ಬೆಳೆಸಬೇಕು. ಬದುವಿನ ಗಿಡಗಳು ದಂಡದ ಜಾಗವೆಂದು ಭಾವಿಸಿ ಬೋಳಿಸುವವರು ಗೊಬ್ಬರದ ಸೊಪ್ಪನ್ನು ಮುಂದೆ ಹಣ ಕೊಟ್ಟು ತರಬೇಕಾಗುತ್ತದೆ. ಕೊಳವೆಬಾವಿಯ ನೀರನ್ನು ಹನಿ ನೀರಾವರಿಯಲ್ಲೇ ಕೊಡುವುದು ಸರಿ. ಸೊಪ್ಪಿನ ಮಡಿಗಳಿಗೆ ಮಾತ್ರ ತುಂತುರು ನೀರು ಬೇಕಾಗುತ್ತದೆ.

ಮಣ್ಣಿಗೆ ಉಣ್ಣಿಸುವುದು

ಮೊದಲ ವರ್ಷ ಭರಣಿ ಇಲ್ಲವೇ ಕೃತ್ತಿಕಾ ಮಳೆಗೆ, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗೆ, ತರಕಾರಿ ಜಾಗದಲ್ಲಿ ಹಸಿರೆಲೆ ಗೊಬ್ಬರದ ಬೆಳೆಗಳಾದ ಅಪ್ಸೆಣಬು ಅಥವಾ ಡಯಾಂಚವನ್ನು ಎಕರೆಗೆ 15ರಿಂದ 20 ಕಿಲೋ ಬೀಜದ ಲೆಕ್ಕದಲ್ಲಿ ದಟ್ಟವಾಗಿ ಚೆಲ್ಲಬೇಕು. ಸುಮಾರು 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ, ಕಾಂಡ ಇನ್ನೂ ಎಳೆಯದಾಗಿರುವಾಗಲೇ ಕತ್ತರಿಸಿ ಮಣ್ಣಿನ ಮೇಲ್ಪದರದಲ್ಲಿ ಸೇರಿಸಬೇಕು. ತಡಮಾಡಿದರೆ ಕಾಂಡ ನಾರಾಗಿ, ಕೊಳೆಯಲು ತಿಂಗಳುಗಳೇ ಹಿಡಿಯುತ್ತವೆ. ಗಟ್ಟಿ ಪದರವಿದ್ದ ಹೊಲವನ್ನು ಈ ಒಂದು ಸಲ ಆಳವಾಗಿ ಸೀಳಿಸಿ, ಆ ಮೇಲೆ ನಾಲ್ಕಡಿ ಅಗಲ, ಐವತ್ತಡಿ ಉದ್ದದ ಏರುಮಡಿಗಳನ್ನು ಮಾಡಿ, ನಡುವೆ ಒಂದೂವರೆ ಅಡಿ ದಾರಿ ಬಿಡಬೇಕು. ಅಲ್ಲಿಂದ ಮುಂದೆ ಮಡಿಯ ಮೇಲೆ ಕಾಲಿಡುವಂತಿಲ್ಲ, ಟ್ರ್ಯಾಕ್ಟರ್ ಇಳಿಸುವಂತಿಲ್ಲ. ಪ್ರತಿ ಬೆಳೆ ಮುಗಿದಾಗ ಗಿಡವನ್ನು ಬೇರುಸಹಿತ ಕೀಳದೆ ಬುಡಕ್ಕೆ ಕತ್ತರಿಸಿ, ಬೇರನ್ನು ಮಣ್ಣಿನಲ್ಲೇ ಬಿಟ್ಟು, ಮೇಲೆ ಗೊಬ್ಬರ ಹರಡಿ ಮುಂದಿನ ಬೆಳೆ ಕೂರಿಸಬೇಕು. ರೋಗ ಬಿದ್ದ ಗಿಡ ಮತ್ತು ಗಂಟುಬೇರಿನ ಗಿಡಗಳನ್ನು ಮಾತ್ರ ಪೂರ್ತಿ ಕಿತ್ತು ಹೊರಗೆ ಸಾಗಿಸಬೇಕು.

ನಮ್ಮ ಹಳ್ಳಿಗಳಲ್ಲಿ ತಿಪ್ಪೆ ಇಲ್ಲದ ಮನೆಯಿರಲಿಲ್ಲ. ಆದರೆ ಬಿಸಿಲಿಗೆ ಒಣಗಿ, ಮಳೆಗೆ ತೊಳೆದುಹೋಗುವ ತಿಪ್ಪೆಯಲ್ಲಿ ಸಾರಜನಕ ಬಹುಪಾಲು ಗಾಳಿಗೂ ಚರಂಡಿಗೂ ಸೇರುತ್ತದೆ. ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1920ರ ದಶಕದಲ್ಲಿ ಇಂದೋರಿನಲ್ಲಿ ರೂಪಿಸಿದ ಪದರದ ಕ್ರಮ ಇಂದಿಗೂ ಸಣ್ಣ ಹಿಡುವಳಿಗೆ ಒಗ್ಗುವಂಥದು. ಹೊಂಗೆ ಮರದ ನೆರಳಿನಲ್ಲಿ ಐದಡಿ ಅಗಲದ ಜಾಗ ಗುರುತಿಸಿ, ಕೆಳಗೆ ತೊಗರಿಕಡ್ಡಿ ಹಾಸಿ, ಅದರ ಮೇಲೆ ಒಣ ಎಲೆ, ಅವರೆ ಹೊಟ್ಟು, ಚೂರು ಮಾಡಿದ ಹುಲ್ಲನ್ನು ಆರೇಳು ಅಂಗುಲ, ಹಸಿ ಕಳೆ ಮತ್ತು ಗ್ಲಿರಿಸಿಡಿಯಾ ಸೊಪ್ಪನ್ನು ಮೂರು ನಾಲ್ಕು ಅಂಗುಲ, ಆ ಮೇಲೆ ಸಗಣಿ ಬಗ್ಗಡ ಮತ್ತು ಒಂದು ಬೊಗಸೆ ಹಳೆಯ ಗೊಬ್ಬರ ಹೀಗೆ ನಾಲ್ಕಡಿ ಎತ್ತರದವರೆಗೆ ಪೇರಿಸಬೇಕು. ಹೂ ಬಿಡುವುದಕ್ಕೆ ಮುಂಚೆ ಕಿತ್ತ ಕಾಂಗ್ರೆಸ್ ಗಿಡವನ್ನೂ ಇದಕ್ಕೆ ಧಾರಾಳವಾಗಿ ಹಾಕಬಹುದು. ಮೂರನೆಯ ನಾಲ್ಕನೆಯ ದಿನ ರಾಶಿಯ ನಡುವೆ ಕಬ್ಬಿಣದ ಸರಳು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಅದು ಹಿಡಿಯಲಾಗದಷ್ಟು ಬಿಸಿಯಾಗಿರಬೇಕು. ಬಿಸಿಯೇರದಿದ್ದರೆ ನೀರೋ ಹಸಿರೋ ಸಾಲದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ಕಟ್ಟಿದೆ. ಹದಿನೈದು ದಿನಕ್ಕೊಮ್ಮೆಯಂತೆ ಎರಡು ಮೂರು ಸಲ ಮಗುಚಿದರೆ ಮೂರು ಮೂರೂವರೆ ತಿಂಗಳಿಗೆ ಕಾಡುಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧವಾಗುತ್ತದೆ. ಪ್ರತಿ ಬೆಳೆಗೂ ಮಡಿಯ ಒಂದು ಚದರ ಮೀಟರಿಗೆ ಒಂದರಿಂದ ಎರಡು ಕಿಲೋ ಹಾಕಬೇಕು.

ಜೀವಾಮೃತದ ಬಗ್ಗೆ ಒಂದು ಮಾತು ಹೇಳಬೇಕು. 200 ಲೀಟರ್ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಸೇರಿಸಿ, ನೆರಳಿನಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುವಿ, ಎರಡು ದಿನದ ಮೇಲೆ ಒಂದು ವಾರದೊಳಗೆ ಎಕರೆಗೆ ಬಳಸುವ ಕ್ರಮ ರಾಜ್ಯದಲ್ಲೆಲ್ಲ ಪ್ರಚಾರದಲ್ಲಿದೆ. ಇದನ್ನು ಹದಿನೈದು ದಿನಕ್ಕೊಮ್ಮೆ ಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ಹೊದಿಕೆಯಿಲ್ಲದ, ಸಾವಯವ ಅಂಶವಿಲ್ಲದ ಬರಿಯ ನೆಲಕ್ಕೆ ಸುರಿದ ಜೀವಾಮೃತದಿಂದ ಪವಾಡವನ್ನು ನಿರೀಕ್ಷಿಸುವುದು ಸರಿಯಲ್ಲ. ಸೂಕ್ಷ್ಮಜೀವಿಗಳಿಗೆ ತಿನ್ನಲು ಕಸಕಡ್ಡಿ ಬೇಕು, ಬದುಕಲು ನೆರಳು ಬೇಕು. ಆದ್ದರಿಂದ ಜೀವಾಮೃತದ ಡ್ರಮ್ಮಿಗಿಂತ ಮೊದಲು ಕೂಡಿಹಾಕಬೇಕಾದುದು ಹೊದಿಕೆಯ ಸಾಮಗ್ರಿಯನ್ನು: ಒಣಹುಲ್ಲು, ಕಬ್ಬಿನ ತರಗು, ತೆಂಗಿನ ಗರಿಯ ಚೂರು, ಬೀದಿಬದಿಯ ಮರಗಳ ಎಲೆ. ನಾಟಿ ಮಾಡಿದ ಗಿಡಗಳ ಬುಡ ಬಿಟ್ಟು ಸುತ್ತ ಮೂರು ಅಂಗುಲ ದಪ್ಪಕ್ಕೆ ಹೊದಿಸಿದರೆ ಕಳೆ ತಗ್ಗುತ್ತದೆ, ಬೇಸಿಗೆಯಲ್ಲಿ ನೀರು ಕೊಡುವ ಸರದಿ ದೂರವಾಗುತ್ತದೆ. ಗೆದ್ದಲಿನ ಕಾಟವಿರುವ ಕಡೆ ಬೇವಿನ ಅಥವಾ ಹೊಂಗೆ ಹಿಂಡಿಯನ್ನು ಮೊದಲೇ ಮಣ್ಣಿಗೆ ಬೆರೆಸಿರಬೇಕು. ಮಳೆಗಾಲದಲ್ಲಿ ಹೊದಿಕೆಯಡಿ ಬಸವನಹುಳು ಸೇರುತ್ತದೆ. ಸಂಜೆ ಎಲೆಕೋಸಿನ ಹೊರಎಲೆ ಇಲ್ಲವೇ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಅದರಡಿ ಕೂಡಿದ ಹುಳುಗಳನ್ನು ಆರಿಸಿ ತೆಗೆಯಬೇಕು.

ಕಂತಿನ ಬಿತ್ತನೆ

ಈ ಬೇಸಾಯದಲ್ಲಿ ಹೊಸಬರು ಸೋಲುವುದು ಹೆಚ್ಚಾಗಿ ಮಣ್ಣಿನಿಂದಲ್ಲ, ಬಿತ್ತನೆಯ ಲೆಕ್ಕದಿಂದ. ಹದ ಮಳೆ ಬಂತೆಂದು ಎಲ್ಲ ಮಡಿಗೂ ಒಂದೇ ವಾರ ಬಿತ್ತಿದರೆ, ಎರಡು ತಿಂಗಳ ನಂತರ ಒಂದು ವಾರ ಹೊರಲಾರದಷ್ಟು ಬೆಂಡೆಕಾಯಿ, ಮುಂದಿನ ತಿಂಗಳು ಚೀಲಕ್ಕೆ ಹಾಕಲು ಏನೂ ಇಲ್ಲ ಎಂಬ ಪರಿಸ್ಥಿತಿ ಬರುತ್ತದೆ. ಮಂಡಿಗೆ ಬೆಳೆಯುವವರು ಬಿತ್ತುವ ದಿನದಿಂದ ಮುಂದಕ್ಕೆ ಎಣಿಸುತ್ತಾರೆ. ಮನೆಗಳಿಗೆ ಬೆಳೆಯುವವರು ಚೀಲ ಕೊಡುವ ದಿನದಿಂದ ಹಿಂದಕ್ಕೆ ಎಣಿಸಬೇಕು.

ಉದಾಹರಣೆಗೆ ಸೊಪ್ಪನ್ನೇ ನೋಡೋಣ. ಇಪ್ಪತ್ತು ಮನೆಗೆ ವಾರಕ್ಕೆ ಎರಡೆರಡು ಕಟ್ಟು ಎಂದರೆ ನಲವತ್ತು ಕಟ್ಟು. ನಾಲ್ಕಡಿಗೆ ಐವತ್ತಡಿಯ ಒಂದು ಮಡಿಯಲ್ಲಿ ದಂಟು ಅಥವಾ ಹರಿವೆಯ ಸುಮಾರು 60ರಿಂದ 90 ಸಣ್ಣ ಕಟ್ಟು ಸಿಗಬಹುದು. ಮಣ್ಣು, ನೀರು, ಕಟ್ಟಿನ ಗಾತ್ರವನ್ನು ಅನುಸರಿಸಿ ಇದು ಬದಲಾಗುವುದರಿಂದ ಮೊದಲ ಕೊಯ್ಲಿನಲ್ಲೇ ಎಣಿಸಿ ಬರೆದಿಡಬೇಕು. ಹರಿವೆ, ಮೆಂತ್ಯ 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತವೆ, ಕೊತ್ತಂಬರಿಗೆ 40 ದಿನದ ಆಸುಪಾಸು ಬೇಕು. ಹಾಗಾದರೆ ಇಡೀ ಮಡಿಗೆ ಒಂದೇ ಸೊಪ್ಪು ಚೆಲ್ಲುವ ಬದಲು ಪ್ರತಿ ವಾರವೂ ಒಂದು ಮಡಿಯನ್ನು ಮೂರು ತುಂಡು ಮಾಡಿ, ಒಂದರಲ್ಲಿ ಮೆಂತ್ಯ, ಒಂದರಲ್ಲಿ ಹರಿವೆ, ಒಂದರಲ್ಲಿ ಕೊತ್ತಂಬರಿ ಅಥವಾ ಸಬ್ಬಸಿಗೆ ಬಿತ್ತುತ್ತ ಹೋದರೆ ಸರದಿ ತಪ್ಪುವುದಿಲ್ಲ. ಮೂಲಂಗಿಯನ್ನು ಎರಡು ವಾರಕ್ಕೊಮ್ಮೆ, ಹುರುಳಿಕಾಯಿಯನ್ನು ಮೂರು ವಾರಕ್ಕೊಮ್ಮೆ, ಬೆಂಡೆಯನ್ನು ಒಂದೂವರೆ ಎರಡು ತಿಂಗಳಿಗೊಮ್ಮೆ ಬಿತ್ತಬೇಕು. ಟೊಮ್ಯಾಟೊ ವರ್ಷಕ್ಕೆ ನಾಲ್ಕು ಕಂತು ಸಾಕು. ಬದನೆ ತಿಂಗಳುಗಟ್ಟಲೆ ಕಾಯಿ ಬಿಡುವ ಗಿಡವಾದ್ದರಿಂದ ಎರಡು ಕಂತಿನಲ್ಲಿ ವರ್ಷ ದಾಟುತ್ತದೆ. ಪ್ರತಿ ಮಡಿಯ ತಲೆಗೆ ಒಂದು ಗೂಟ ನೆಟ್ಟು, ಬಿತ್ತಿದ ದಿನಾಂಕವನ್ನು ಬಣ್ಣದಲ್ಲಿ ಬರೆದಿಟ್ಟರೆ ಕೆಲಸಕ್ಕೆ ಬರುವ ಯಾರಿಗೂ ಗೊಂದಲವಾಗದು. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಒಂದೇ ಕುಟುಂಬದವು. ಒಂದರ ಹಿಂದೆ ಇನ್ನೊಂದನ್ನು ಅದೇ ಮಡಿಗೆ ಹಾಕದೆ, ನಡುವೆ ಹುರುಳಿಕಾಯಿ, ಅಲಸಂದೆ ಇಲ್ಲವೇ ಸೊಪ್ಪನ್ನು ತರಬೇಕು.

ಮಡಿಯ ಅಂಚಿನಲ್ಲಿ ತಾನಾಗಿ ಹುಟ್ಟುವುದನ್ನೂ ಬೆಳೆಯೆಂದೇ ಎಣಿಸಬೇಕು. ಅಣ್ಣೆ ಸೊಪ್ಪು, ಹೊನಗೊನ್ನೆ, ಕಿರಕಸಾಲೆ, ಗೋಣಿ ಸೊಪ್ಪುಗಳನ್ನು ಕಳೆಯೆಂದು ಕಿತ್ತು ಬದುವಿಗೆ ಎಸೆಯುವ ಬದಲು, ಬೆಳಗಿನ ತಂಪಿನಲ್ಲಿ ಎಳೆಯ ಕುಡಿಗಳನ್ನಷ್ಟೇ ಚಿವುಟಿ, ಮಣ್ಣು, ಬೇರು ಸೇರದಂತೆ ಮಡಿಲಿಗೆ ತುಂಬಿಕೊಂಡು, ಬೆರಕೆ ಸೊಪ್ಪಿನ ಕಟ್ಟು ಮಾಡಿದರೆ ಮಸ್ಸೊಪ್ಪು, ಬಸ್ಸಾರಿನ ರುಚಿ ಬಲ್ಲ ಮನೆಗಳಲ್ಲಿ ಅದಕ್ಕೇ ಹೆಚ್ಚು ಬೇಡಿಕೆ. ಯಾವುದು ತಿನ್ನುವ ಸೊಪ್ಪು ಎಂಬುದನ್ನು ಊರಿನ ಹಿರಿಯ ಹೆಂಗಸರನ್ನು ಹೊಲಕ್ಕೆ ಕರೆದುಕೊಂಡು ಬಂದು ಕಲಿಯಬೇಕು. ಚಿತ್ರ ನೋಡಿ ಕಲಿಯುವ ವಿದ್ಯೆ ಇದಲ್ಲ.

ರಾಗಿಯ ಹತ್ತು ಗುಂಟೆಯಲ್ಲಿ ಆರಿದ್ರಾ, ಪುನರ್ವಸು ಮಳೆಗೆ, ಅಂದರೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ, ಎಂಟು ಸಾಲು ರಾಗಿಗೆ ಒಂದು ಸಾಲು ಅವರೆಯಂತೆ ಬಿತ್ತಿ, ಅಂಚಿಗೆ ಹುಚ್ಚೆಳ್ಳು, ಹರಳು ಹಾಕಬೇಕು. ರಾಗಿ ಕೊಯ್ದ ಮೇಲೆ ಉಳಿಯುವ ಅವರೆ ಚಳಿಗೆ ಕಾಯಿ ಕಚ್ಚಿ, ಸೊಗಡಿನ ಕಾಯಿ ಚೀಲ ಸೇರುವ ವಾರಗಳಲ್ಲಿ ಬೇರೆ ತರಕಾರಿ ಕಡಿಮೆಯಾದರೂ ಯಾರೂ ಕೇಳುವುದಿಲ್ಲ.

ಬೀಜದ ವಿಷಯದಲ್ಲಿ ಹಟ ಬೇಡ. ನಾಟಿ ತಳಿಗಳು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ವಿಕಾಸ್ ಟೊಮ್ಯಾಟೊಗಳಂಥ, ಬೀಜ ಉಳಿಸಿಕೊಳ್ಳಬಹುದಾದ ತಳಿಗಳನ್ನು ಆರಿಸಬಹುದು. ಟೊಮ್ಯಾಟೊ, ಹುರುಳಿಕಾಯಿ, ಅವರೆಗಳ ಬೀಜ ಹಿಡಿಯುವುದು ಸುಲಭ. ಸೋರೆ, ಹೀರೆ, ಕುಂಬಳಗಳು ಜೇನುಹುಳುವಿನ ಮೂಲಕ ಅಕ್ಕಪಕ್ಕದ ತಳಿಯೊಂದಿಗೆ ಬೆರೆಯುವುದರಿಂದ, ಅರಳುವ ಮುನ್ನಾದಿನ ಸಂಜೆಯೇ ಗಂಡು ಹೆಣ್ಣು ಹೂಗಳೆರಡನ್ನೂ ದಾರ ಕಟ್ಟಿ ಮುಚ್ಚಿ, ಅರಳಿದ ಮೇಲೆ ಕೈಯಲ್ಲೇ ಪರಾಗ ಮುಟ್ಟಿಸಿ, ಮತ್ತೆ ಮುಚ್ಚಿ, ಆ ಕಾಯಿಗೆ ಗುರುತು ಕಟ್ಟಬೇಕಾಗುತ್ತದೆ.

ಬೇಸಿಗೆಯ ಚೀಲ

ಮಾರ್ಚ್‌ನಿಂದ ಮೇವರೆಗೆ ಕೊಳವೆಬಾವಿ ಸೊರಗುವ ತಿಂಗಳುಗಳಲ್ಲಿ ಚೀಲ ತುಂಬುವುದೇ ಈ ಕೆಲಸದ ನಿಜವಾದ ಪರೀಕ್ಷೆ, ಮತ್ತು ಅದರ ಸಿದ್ಧತೆ ಹಿಂದಿನ ಆಗಸ್ಟಿನಲ್ಲೇ ಶುರುವಾಗಬೇಕು. ಮಳೆಗಾಲದಲ್ಲಿ ಬದುವಿಗೂ ಗೊಬ್ಬರದ ರಾಶಿಯ ಪಕ್ಕಕ್ಕೂ ಹಬ್ಬಿಸಿದ ಬೂದುಗುಂಬಳ, ಸಿಹಿಗುಂಬಳಗಳನ್ನು ಪೂರ್ತಿ ಬಲಿತ ಮೇಲೆ ತೊಟ್ಟು ಉಳಿಸಿ ಕೊಯ್ದು, ಒಂದಕ್ಕೊಂದು ತಾಗದಂತೆ ಗಾಳಿಯಾಡುವ ಅಟ್ಟದ ಮೇಲೆ ಜೋಡಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಸುವರ್ಣಗೆಡ್ಡೆ, ಒಣಗಿಸಿದ ಈರುಳ್ಳಿ, ಒಣ ಅವರೆಕಾಳು, ಅಲಸಂದೆ ಕಾಳು, ರಾಗಿ ಇವುಗಳೂ ಅದೇ ಲೆಕ್ಕಕ್ಕೆ ಸೇರಬೇಕು. ಹಸಿಯಾದುದು ಬದುವಿನ ನುಗ್ಗೆಕಾಯಿ, ನುಗ್ಗೆಸೊಪ್ಪು, ಎಳೆ ಹಲಸಿನಕಾಯಿ, ಮಾವಿನಕಾಯಿ, ಹೊದಿಕೆಯಡಿ ಬೆಳೆಸಿದ ಹರಿವೆ ಮತ್ತು ಸೌತೆ. ನೀರನ್ನು ಹೊಲದ ತುಂಬ ಹಂಚದೆ, ಕಾಲುಭಾಗ ಮಡಿಗಳಿಗೆ ಮಾತ್ರ ಕೊಟ್ಟು, ಉಳಿದವನ್ನು ದಪ್ಪ ಹೊದಿಕೆಯಡಿ ವಿಶ್ರಾಂತಿಗೆ ಬಿಡುವುದು ಲೇಸು.

ಕೀಟ

ಕೀಟಗಳ ಬಗ್ಗೆ ದೀರ್ಘವಾಗಿ ಬರೆಯುವ ಅಗತ್ಯ ಕಾಣದು, ಏಕೆಂದರೆ ಹತ್ತಾರು ಬೆಳೆ ಬೆರೆತ ಸಣ್ಣ ಹೊಲದಲ್ಲಿ ಅವು ಮಂಡಿಯ ಬೆಳೆಯಲ್ಲಿರುವಷ್ಟು ವಿಪರೀತಕ್ಕೆ ಹೋಗುವುದು ವಿರಳ. ಟೊಮ್ಯಾಟೊ ನಾಟಿ ಮಾಡುವಾಗ ಹದಿನಾಲ್ಕು ಹದಿನಾರು ಸಾಲಿಗೆ ಒಂದು ಸಾಲು ಚೆಂಡುಹೂ ಇರಲಿ, ಮತ್ತು ಎರಡೂ ಒಂದೇ ಕಾಲಕ್ಕೆ ಹೂ ಬಿಡುವಂತೆ ಚೆಂಡುಹೂವಿನ ಸಸಿ ಹೆಚ್ಚು ಬಲಿತದ್ದಾಗಿರಲಿ. ಕಾಯಿಕೊರಕದ ಪತಂಗ ಅದರತ್ತ ಸೆಳೆಯಲ್ಪಡುತ್ತದೆ. ಎಲೆಕೋಸಿನ ನಡುವೆ ಸಾಸಿವೆ ಸಾಲು ಹಾಕುವುದೂ ಇದೇ ತತ್ತ್ವದ ಮೇಲೆ. ಹುಳು ಮಿತಿ ಮೀರಿದರೆ 5 ಕಿಲೋ ಬೇವಿನ ಬೀಜದ ಪುಡಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಸೋಸಿ, 100 ಲೀಟರ್ ಮಾಡಿ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಬೇಕು.

ಚೀಲ, ದರ, ದೃಢೀಕರಣ

ಕೊಯ್ಲು ಬೆಳಿಗ್ಗೆ ಬಿಸಿಲೇರುವ ಮೊದಲೇ ಮುಗಿಯಬೇಕು. ಸೊಪ್ಪನ್ನು ಒದ್ದೆ ಗೋಣಿಯಡಿ ಇಟ್ಟು ಅದೇ ದಿನ ಮನೆಗಳಿಗೆ ತಲುಪಿಸಬೇಕು. ಮನೆಮನೆಗೆ ಸುತ್ತುವ ಬದಲು ದೇವಸ್ಥಾನದ ಕಟ್ಟೆಯೋ ಹಾಲಿನ ಡೇರಿಯೋ ಆಗಿರುವ ಒಂದು ಜಾಗದಲ್ಲಿ ಗೊತ್ತಾದ ಹೊತ್ತಿಗೆ ಚೀಲಗಳನ್ನಿಟ್ಟರೆ ಅರ್ಧ ದಿನ ಉಳಿಯುತ್ತದೆ. ದರವನ್ನು ಮಂಡಿಯ ದರಕ್ಕೆ ಕಟ್ಟಿಹಾಕಬಾರದು. ಕೂಲಿ, ಬೀಜ, ಗೊಬ್ಬರ, ವಿದ್ಯುತ್ತು, ಸಾಗಣೆ, ಮತ್ತು ಮನೆಯವರ ದುಡಿಮೆಗೂ ಕೂಲಿ ಹಿಡಿದು ವರ್ಷದ ಖರ್ಚನ್ನು ಲೆಕ್ಕ ಹಾಕಿ, ಕೊಡಲಿರುವ ಚೀಲಗಳ ಸಂಖ್ಯೆಯಿಂದ ಭಾಗಿಸಿ ಚೀಲದ ಬೆಲೆ ಗೊತ್ತುಮಾಡಬೇಕು. ಟೊಮ್ಯಾಟೊ ದರ ನೆಲಕಚ್ಚಿದ ತಿಂಗಳು ಗಿರಾಕಿಗಳಿಗೆ ಇದು ದುಬಾರಿಯೆನಿಸಬಹುದು, ಗಗನಕ್ಕೇರಿದ ತಿಂಗಳು ಅಗ್ಗವೆನಿಸುತ್ತದೆ. ಮಂಡಿಯಲ್ಲಿ ಹೆಚ್ಚು ಸಿಗುತ್ತದೆಂದು ಆಗ ಬೆಳೆಯನ್ನು ಅತ್ತ ಸಾಗಿಸಿದರೆ ಒಪ್ಪಂದ ಅಲ್ಲಿಗೇ ಮುರಿದಂತೆ.

ಹೊಲಕ್ಕೆ ಏನೇನು ಹಾಕಿದೆ, ಏನು ಸಿಂಪಡಿಸಿದೆ ಎಂಬ ದಿನಚರಿಯನ್ನು ಯಾರು ಬೇಕಾದರೂ ನೋಡುವಂತಿಡುವುದು ಮತ್ತು ತಿಂಗಳಿಗೊಮ್ಮೆ ಮನೆಯವರನ್ನು ಹೊಲಕ್ಕೆ ಕರೆಯುವುದು ಸಣ್ಣ ರೈತರಿಗೆ ಒಗ್ಗುವ ಮೊದಲ ದೃಢೀಕರಣ. ಕಾಗದದ ದೃಢೀಕರಣ ಬೇಕೆನಿಸಿದರೆ, ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ಕನಿಷ್ಠ ಐವರು ರೈತರು ಗುಂಪು ಮಾಡಿಕೊಂಡು, ಪರಸ್ಪರರ ಹೊಲಗಳನ್ನು ತಾವೇ ಪರಿಶೀಲಿಸುವ ಪಿಜಿಎಸ್-ಇಂಡಿಯಾ ಎಂಬ ಸಹಭಾಗಿತ್ವದ ಖಾತರಿ ವ್ಯವಸ್ಥೆಗೆ ಸೇರಬಹುದು. ಇದರಲ್ಲಿ ಪರಿವರ್ತನೆಯ ಅವಧಿಗೆ ಒಂದು, ಪೂರ್ಣ ಸಾವಯವವಾದ ಮೇಲೆ ಇನ್ನೊಂದು ಗುರುತಿರುತ್ತದೆ. ಸಾವಯವ ಆಹಾರಕ್ಕೆ ಸಂಬಂಧಿಸಿದ 2017ರ ನಿಯಮಗಳಲ್ಲಿ, ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ಉತ್ಪಾದಕರು ತಿನ್ನುವವರಿಗೇ ನೇರವಾಗಿ ಮಾರುವಾಗ ದೃಢೀಕರಣದಿಂದ ವಿನಾಯಿತಿಯಿದೆ, ಆದರೆ ಸಾವಯವ ಆಹಾರದ ಅಧಿಕೃತ ಗುರುತಾದ ಜೈವಿಕ್ ಭಾರತ್ ಅನ್ನು ಬಳಸುವಂತಿಲ್ಲ. ಹಸಿ ತರಕಾರಿ, ಕಾಳು, ರಾಗಿಯನ್ನು ಬೆಳೆದಂತೆಯೇ ಕೊಡುವವರೆಗೆ ಆಹಾರ ಸುರಕ್ಷತೆಯ ಪರವಾನಗಿಯ ಪ್ರಶ್ನೆ ಏಳದು. ಉಪ್ಪಿನಕಾಯಿ, ಸಂಡಿಗೆ, ರಾಗಿಹಿಟ್ಟು ಮಾಡಿ ಚೀಲಕ್ಕೆ ಸೇರಿಸಲು ಶುರುಮಾಡಿದ ದಿನದಿಂದ ಅದರ ನೋಂದಣಿಯನ್ನು ಮಾಡಿಸಿಕೊಳ್ಳಬೇಕಾಗುತ್ತದೆ.